ಚೀಲ ಹೊಲಕ್ಕೆ, ಹೊಡೆತ ಕೊಟ್ಟಿಗೆಗೆ

(2022ರ ಜೂನ್ ಎರಡನೇ ವಾರದಲ್ಲಿ ಪ್ರಸಾರವಾದ ಮಾತು)



ಬೆಳಗ್ಗೆ ಎದ್ದು ಬಾಗಿಲು ತೆಗೆದ್ರೆ ಹಾಲಿನ ಪ್ಯಾಕೆಟ್ ಬಂದಿರುತ್ತೆ. ನಂದಿನಿ ಟೋನ್ಡ್ ಹಾಲು, ಲೀಟರಿಗೆ 37 ರೂಪಾಯಿ. 2020ರ ಫೆಬ್ರವರಿಯಲ್ಲಿ ಈ ದರ ಬಂತು. ಇವತ್ತಿಗೂ ಅದೇ ದರ. ಈ ಎರಡು ವರ್ಷ ನಾಲ್ಕು ತಿಂಗಳಲ್ಲಿ ಪೆಟ್ರೋಲ್ ಏರಿತು, ಡೀಸೆಲ್ ಏರಿತು, ಅಡುಗೆ ಎಣ್ಣೆ ಏರಿತು, ಗ್ಯಾಸ್ ಸಿಲಿಂಡರ್ ಏರಿತು. ಹಾಲು ಮಾತ್ರ ನಿಂತಲ್ಲೇ ನಿಂತಿದೆ. ನಮಗೆ, ನಿಮಗೆ ಎಲ್ಲರಿಗೂ ಸಂತೋಷದ ವಿಷಯವೇ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಎಲ್ಲವೂ ಏರುವಾಗ ಒಂದು ಮಾತ್ರ ಏರಲಿಲ್ಲ ಅಂದ್ರೆ, ಆ ಭಾರವನ್ನು ಎಲ್ಲೋ ಯಾರೋ ಹೊತ್ತುಕೊಂಡು ನಿಂತಿರಲೇಬೇಕಲ್ಲ? ಅದು ಯಾರು?

ಈಗ ಟಿವಿ ಹಾಕಿ. ನಮ್ಮದೂ ಸೇರಿ ಎಲ್ಲ ವಾಹಿನಿಗಳಲ್ಲೂ ಒಂದೇ ದೃಶ್ಯ. ಮುಂಗಾರು ಬಂದಿದೆ, ಸೊಸೈಟಿ ಮುಂದೆ ಗೊಬ್ಬರಕ್ಕೆ ಸಾಲು. ಕೈಯಲ್ಲಿ ಆಧಾರ್ ಕಾರ್ಡು, ಕಂಕುಳಲ್ಲಿ ಟವೆಲ್ಲು, ಬೆಳಗಿನ ಜಾವದಿಂದ ಕಾದು ನಿಂತವರು. ಅದು ಒಂದು ಸುದ್ದಿ. ಹತ್ತು ನಿಮಿಷ ಆದ್ಮೇಲೆ ಇನ್ನೊಂದು ಸುದ್ದಿ: ಹಾಲಿನ ದರ ಏರಿಸಿ ಅಂತ ಒಕ್ಕೂಟಗಳ ಬೇಡಿಕೆ, ಗ್ರಾಹಕರಿಗೆ ಬರೆ. ಎರಡೂ ಬೇರೆ ಬೇರೆ ಸುದ್ದಿ ಅಂತ ನಾವು ತೋರಿಸ್ತೀವಿ, ನೀವು ನೋಡ್ತೀರಿ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಇವು ಎರಡು ಸುದ್ದಿ ಅಲ್ಲ. ಒಂದೇ ಮನೆಯ ಸುದ್ದಿ. ಗೊಬ್ಬರದ ಸಾಲಿನಲ್ಲಿ ಯಜಮಾನ ನಿಂತಿದ್ದಾನೆ, ಡೇರಿಯ ಸಾಲಿನಲ್ಲಿ ಅವನ ಹೆಂಡತಿ ಕ್ಯಾನು ಹಿಡಿದು ನಿಂತಿದ್ದಾಳೆ.

ಕಳೆದ ವಾರ ಹಾವೇರಿ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆ. ಎರಡು ಎಕರೆ ಹೊಲ, ಒಂದು ಎಚ್ಎಫ್ ಆಕಳು, ಒಂದು ಎಮ್ಮೆ ಇರುವ ಮನೆ. ಗಂಡ ಗೊಬ್ಬರ ತರಲು ಹೋಗಿದ್ದ. ಮನೆಯಾಕೆ ಎಮ್ಮೆ ಮುಂದೆ ಕೂತಿದ್ದರು. "ಅಕ್ಕಾರ, ಗೊಬ್ಬರದ ರೇಟ್ ಹೆಂಗೈತ್ರಿ?" ಅಂತ ಕೇಳಿದೆ. ಆಕೆ ನಕ್ಕರು. "ಅಣ್ಣಾರ, ಹೊಲಕ್ಕ ಸರಕಾರಿ ಗೊಬ್ಬರ ತಂದ್ರ ಇದಕ್ಕ ಹಿಂಡಿ ಇಲ್ಲ. ಇದಕ್ಕ ಹಿಂಡಿ ತಂದ್ರ ಹೊಲಕ್ಕ ಗೊಬ್ಬರ ಇಲ್ಲ. ಯಾವುದರ ಬಾಯಿ ಕಟ್ಟೂಣು ನೀವ ಹೇಳ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ಲೆಕ್ಕ ಹಾಕಲು ಕೂತೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ಹೊಲದ ಲೆಕ್ಕ. ಡಿಎಪಿ, 50 ಕಿಲೋ ಚೀಲ. ಕಳೆದ ವರ್ಷ 1,200 ರೂಪಾಯಿ, ಈ ವರ್ಷ 1,350. ಪೊಟ್ಯಾಷ್ ಚೀಲ ಸಾವಿರ ರೂಪಾಯಿ ಆಸುಪಾಸಿನಲ್ಲಿತ್ತು, ಈಗ 1,700. ಯೂರಿಯಾ 45 ಕಿಲೋ ಚೀಲ 266 ರೂಪಾಯಿ 50 ಪೈಸೆ, ಅದು ಹಾಗೇ ಇದೆ. ಮಳೆಯಾಶ್ರಯದಲ್ಲಿ ಒಂದು ಎಕರೆ ಗೋವಿನಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದವರು ಹೇಳುವ ಪ್ರಮಾಣ ಸುಮಾರು 40 ಕಿಲೋ ಸಾರಜನಕ, 20 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್. ಚೀಲದ ಭಾಷೆಯಲ್ಲಿ ಹೇಳಬೇಕು ಅಂದ್ರೆ 43 ಕಿಲೋ ಡಿಎಪಿ, 70 ಕಿಲೋ ಯೂರಿಯಾ, 17 ಕಿಲೋ ಪೊಟ್ಯಾಷ್. ಚೀಲದ ಮೇಲೆ ಮುದ್ರಿಸಿದ ದರದಲ್ಲೇ ಸಿಕ್ಕಿದರೆ ಇದಕ್ಕೆ ಈ ವರ್ಷ ಸುಮಾರು 2,150 ರೂಪಾಯಿ. ಹಿಂದಿನ ದರದಲ್ಲಿ ಸುಮಾರು 1,800. ಅಂದ್ರೆ ಎಕರೆಗೆ ಹೆಚ್ಚು ಕಡಿಮೆ 350 ರೂಪಾಯಿ ಏರಿಕೆ.

"ಅಷ್ಟೇನಾ? ಇದಕ್ಕೆ ಇಷ್ಟು ಗಲಾಟೆನಾ?" ಅಂತ ನಿಮಗೆ ಅನ್ನಿಸಬಹುದು. ಸರಿ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಏರಿಕೆ ಇಷ್ಟಕ್ಕೇ ನಿಂತಿರುವುದು ಸರ್ಕಾರ ನಡುವೆ ನಿಂತಿರುವುದರಿಂದ. ಪೊಟ್ಯಾಷ್ ಪೂರ್ತಿ ಹೊರದೇಶದಿಂದ ಬರಬೇಕು. ಡಿಎಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಇಲ್ಲಿ ತಯಾರಾಗುವುದಕ್ಕೂ ಕಲ್ಲು ಮತ್ತು ಆಮ್ಲ ಮೊರಾಕೊ, ಜೋರ್ಡಾನ್ ಕಡೆಯಿಂದ ಬರಬೇಕು. ಯೂರಿಯಾ ನಮ್ಮ ಪಣಂಬೂರಿನಲ್ಲೂ ತಯಾರಾಗುತ್ತೆ, ಆದರೆ ಅದಕ್ಕೆ ಬೇಕಾದ ನೈಸರ್ಗಿಕ ಅನಿಲದಲ್ಲಿ ದೊಡ್ಡ ಪಾಲನ್ನು ದೇಶ ಹಡಗಿನಲ್ಲಿ ತರಿಸಿಕೊಳ್ಳುತ್ತೆ. ಕಳೆದ ವರ್ಷ ಅನಿಲದ ಬೆಲೆ ಏರಿತು. ಅಕ್ಟೋಬರಿನಲ್ಲಿ ಚೀನಾ ಗೊಬ್ಬರದ ರಫ್ತಿಗೆ ಬಿಗಿ ಹಾಕಿತು. ಪೊಟ್ಯಾಷ್ ಕಳಿಸುತ್ತಿದ್ದ ಬೆಲಾರುಸ್ ಮೇಲೆ ನಿರ್ಬಂಧ ಬಂತು. ಈ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. ಎಲ್ಲಿಯ ಕೀವ್, ಎಲ್ಲಿಯ ಹಿರೇಕೆರೂರು! ಅಲ್ಲಿ ಬಾಂಬು ಬಿದ್ದರೆ ಇಲ್ಲಿ ಚೀಲದ ಬೆಲೆ ಏರುತ್ತೆ.

ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಡಿಎಪಿ ಚೀಲಕ್ಕೆ ಕೊಡುವ ಸಬ್ಸಿಡಿಯನ್ನು 1,650ರಿಂದ 2,501 ರೂಪಾಯಿಗೆ ಏರಿಸಿತು. ರೈತ ಕೊಡೋದು 1,350, ಸರ್ಕಾರ ಕೊಡೋದು 2,501. ಬಜೆಟ್ಟಿನಲ್ಲಿ ಗೊಬ್ಬರಕ್ಕೆ ಅಂತ ಇಟ್ಟಿದ್ದು 1.05 ಲಕ್ಷ ಕೋಟಿ. ಮೇ 21ಕ್ಕೆ ಇನ್ನೂ 1.10 ಲಕ್ಷ ಕೋಟಿ ಸೇರಿಸ್ತೀವಿ ಅಂತ ಹಣಕಾಸು ಸಚಿವರು ಹೇಳಿದರು. ಇದು ಸಣ್ಣ ಮೊತ್ತ ಅಲ್ಲ. ಕೊಟ್ಟದ್ದನ್ನು ಕೊಟ್ಟಿಲ್ಲ ಅನ್ನೋದು ತಪ್ಪಾಗುತ್ತೆ.

ಹಾಗಾದ್ರೆ ಆ ಹೆಣ್ಣುಮಗಳು ಸುಳ್ಳು ಹೇಳಿದ್ರಾ? ಇಲ್ಲ. ನಾವು ಲೆಕ್ಕವನ್ನು ಹೊಲದಲ್ಲೇ ನಿಲ್ಲಿಸಿಬಿಟ್ಟಿದ್ದೀವಿ. ಬನ್ನಿ, ಕೊಟ್ಟಿಗೆಗೆ ಹೋಗೋಣ.

ದಿನಕ್ಕೆ 10 ಲೀಟರ್ ಹಾಲು ಕೊಡುವ ಒಂದು ಆಕಳು. ಪ್ರತಿ ಲೀಟರಿಗೆ ಸುಮಾರು 400 ಗ್ರಾಂ ಪಶು ಆಹಾರ ಬೇಕು, ಮೈ ಹಿಡಿದುಕೊಳ್ಳೋಕೆ ಇನ್ನೊಂದೂವರೆ ಕಿಲೋ. ಒಟ್ಟು ದಿನಕ್ಕೆ ಐದೂವರೆ ಕಿಲೋ, ತಿಂಗಳಿಗೆ 165 ಕಿಲೋ. ಅಂದ್ರೆ 50 ಕಿಲೋದ ಮೂರು ಚೀಲ ಮುಗಿದು ನಾಲ್ಕನೆಯದಕ್ಕೆ ಕೈ ಹಾಕಬೇಕು. ಆ ಚೀಲಕ್ಕೆ ಬರೀ 100 ರೂಪಾಯಿ ಏರಿದ್ರೂ ಒಂದು ಆಕಳಿಗೆ ತಿಂಗಳಿಗೆ 330 ರೂಪಾಯಿ ಹೆಚ್ಚಾಯ್ತು. ಹೊಲದ ಲೆಕ್ಕದಲ್ಲಿ ಬಂದ ಏರಿಕೆ ಎಷ್ಟು? ಎಕರೆಗೆ 350. ಅದು ಇಡೀ ಹಂಗಾಮಿಗೆ ಒಂದು ಸಲ. ಇದು ಪ್ರತಿ ತಿಂಗಳು! ಹಾಲು ಕರೆಯುವ ಹತ್ತು ತಿಂಗಳಿಗೆ 3,300 ರೂಪಾಯಿ. ಒಂದೇ ಆಕಳಿಗೆ. ಚೀಲಕ್ಕೆ 200 ಏರಿದ್ರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಗೊಬ್ಬರಕ್ಕೂ ಹಿಂಡಿಗೂ ಏನು ಸಂಬಂಧ ಅಂತೀರಾ? ಪಶು ಆಹಾರದ ಚೀಲ ಬಿಚ್ಚಿ ನೋಡಿ. ಅದರಲ್ಲಿ ಇರೋದು ಗೋವಿನಜೋಳ, ತೌಡು, ಬೂಸಾ, ಹತ್ತಿಕಾಳು ಹಿಂಡಿ, ಕಾಕಂಬಿ. ಎಲ್ಲವೂ ಹೊಲದಿಂದ ಬಂದದ್ದೇ. ಬಯಲುಸೀಮೆ ಕಡೆ ಮೆಕ್ಕೆಜೋಳ ಅನ್ನೋದನ್ನ ಹಾವೇರಿ, ಧಾರವಾಡದ ಕಡೆ ಗೋವಿನಜೋಳ ಅಂತಾರೆ. ನೋಡಿ, ಹೆಸರಲ್ಲೇ ಹಸು ಇದೆ! ಹೊಲದಲ್ಲಿ ಚೀಲ ಸುರಿದಾಗಲೇ ಅರ್ಧ ಕೊಟ್ಟಿಗೆಗೆ ಸುರಿದ ಹಾಗೆ. ಹಸಿರು ಮೇವಿನ ನೇಪಿಯರ್ ಹುಲ್ಲಿಗೂ ಪ್ರತಿ ಕೊಯ್ಲು ಆದ್ಮೇಲೆ ಒಂದು ಹಿಡಿ ಯೂರಿಯಾ ಬೇಕು.

ಹಿಂಡಿ ಏರಿದ್ದಕ್ಕೆ ಗೊಬ್ಬರ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಡೀಸೆಲ್ ಇದೆ. ಸೋಯಾ ಹಿಂಡಿಯ ಬೆಲೆ ಕಳೆದ ವರ್ಷ ಎಷ್ಟು ಏರಿತು ಅಂದ್ರೆ, ಕೋಳಿ ಸಾಕುವವರ ಕೂಗಿಗೆ ಆಗಸ್ಟಿನಲ್ಲಿ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಒಪ್ಪಬೇಕಾಯ್ತು. ಜಗತ್ತಿಗೆ ಜೋಳ ಕಳಿಸುತ್ತಿದ್ದ ಉಕ್ರೇನಿನ ಬಂದರುಗಳು ಬಂದ್ ಆಗಿವೆ. ಆದರೆ ಗೊಬ್ಬರ ಈ ಎಲ್ಲ ಬೆಲೆಗಳ ಬುಡದಲ್ಲಿ ಕೂತಿದೆ. ಬುಡಕ್ಕೆ ಬಿದ್ದ ಬೆಂಕಿ ತುದಿಗೆ ಹತ್ತದೇ ಇರುತ್ತಾ?

ಇನ್ನೊಂದು ವಿಚಿತ್ರ ಕೇಳಿ. ಇದೇ ರೈತ ಸುಗ್ಗಿಯಲ್ಲಿ ಗೋವಿನಜೋಳ ಮಾರ್ತಾನೆ. ಸಾಲ ತೀರಿಸಬೇಕು, ಇಡೋಕೆ ಜಾಗ ಇಲ್ಲ, ವರ್ತಕ ಹೇಳಿದ ರೇಟಿಗೆ ಕೊಟ್ಟು ಬರ್ತಾನೆ. ಅದೇ ಜೋಳ ಗಿರಣಿಗೆ ಹೋಗಿ, ಹಿಂಡಿಯಾಗಿ, ಚೀಲ ಸೇರಿ, ಬೇಸಿಗೆಗೆ ಅವನ ಮನೆಗೇ ವಾಪಸ್ ಬರುತ್ತೆ. ಮಾರುವಾಗ ಒಂದು ಬೆಲೆ, ಕೊಳ್ಳುವಾಗ ಇನ್ನೊಂದು ಬೆಲೆ. ಮೊನ್ನೆ ಜೂನ್ 8ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 1,870ರಿಂದ 1,962 ರೂಪಾಯಿ ಆಯ್ತು. 92 ರೂಪಾಯಿ ಏರಿಕೆ. ಬೆಂಬಲ ಬೆಲೆ ಘೋಷಣೆ ಆಗುತ್ತೆ, ಖರೀದಿ ಕೇಂದ್ರ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.

ಈಗ ಹಾಲಿಗೆ ಬರೋಣ. ಹಿಂಡಿ ಚೀಲವನ್ನು ಡೇರಿಯಲ್ಲೇ ಸಾಲಕ್ಕೆ ಕೊಡ್ತಾರೆ. ಬಟವಾಡೆ ದಿನ ಅದನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಕೊಡ್ತಾರೆ. ಆ ಹೆಣ್ಣುಮಗಳು ನನಗೆ ಬಟವಾಡೆ ಚೀಟಿ ತೋರಿಸಿದರು. ಹಾಲು ಹಾಕಿದ್ದು ಒಂದು ಸಾಲು, ಹಿಂಡಿಗೆ ಹಿಡಿದದ್ದು ಇನ್ನೊಂದು ಸಾಲು, ಕೈಗೆ ಬಂದದ್ದು ಕೊನೆಯ ಸಾಲು. "ಮೊದಲ ಈ ರೊಕ್ಕದಾಗ ಗೊಬ್ಬರ ತರ್ತಿದ್ವಿರಿ. ಈಗ ಹಿಂಡಿ ಸಾಲ ಹರಿದ್ರ ಸಾಕಾಗೇತಿ" ಅಂದರು. ಅರ್ಥ ಆಯ್ತಾ? ಹೊಲದ ಗೊಬ್ಬರಕ್ಕೆ ದುಡ್ಡು ಕೊಡುತ್ತಿದ್ದದ್ದೇ ಕೊಟ್ಟಿಗೆ. ಕೊಟ್ಟಿಗೆ ಸೋತರೆ ಹೊಲವೂ ಸೋತಿತು. ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡ್ತಿದೆ, ಒಳ್ಳೆಯದೇ. ಅದು ಇರದಿದ್ದರೆ ಎಷ್ಟೋ ಕೊಟ್ಟಿಗೆಗಳು ಇಷ್ಟೊತ್ತಿಗೆ ಖಾಲಿ ಆಗಿರೋವು. ಆದರೆ ಹಿಂಡಿಯ ಏರಿಕೆ ಆ 5 ರೂಪಾಯಿಯನ್ನೇ ತಿನ್ನುತ್ತಿದ್ದರೆ ಪ್ರೋತ್ಸಾಹ ಎಲ್ಲಿ ಉಳಿಯಿತು?

ಸೋತವರು ಏನು ಮಾಡ್ತಾರೆ? ದನದ ಸಂತೆಗೆ ಹಗ್ಗ ಹಿಡ್ಕೊಂಡು ಹೋಗ್ತಾರೆ. ಜಾನುವಾರು ಗಣತಿ ಇದನ್ನೇ ಹೇಳುತ್ತೆ. 2012ರಲ್ಲಿ ಕರ್ನಾಟಕದಲ್ಲಿ ದನಗಳು ಸುಮಾರು 95 ಲಕ್ಷ. 2019ರ ಗಣತಿಗೆ ಸುಮಾರು 85 ಲಕ್ಷ. ಏಳು ವರ್ಷದಲ್ಲಿ ಹತ್ತು ಲಕ್ಷ ದನ ಕೊಟ್ಟಿಗೆ ಬಿಟ್ಟು ಹೋದವು. ಟ್ರ್ಯಾಕ್ಟರ್ ಬಂತು, ಎತ್ತು ಹೋಯ್ತು. ಮೇವು ಇಲ್ಲ, ಕಾಯುವ ಹುಡುಗರು ಊರು ಬಿಟ್ಟರು. ಕಾರಣ ಹಲವು. ಆದರೆ ಪರಿಣಾಮ ಒಂದೇ. ದನ ಹೋದ ಮನೆಯಲ್ಲಿ ತಿಪ್ಪೆ ಇಲ್ಲ. ತಿಪ್ಪೆ ಇಲ್ಲದ ಹೊಲಕ್ಕೆ ಇನ್ನಷ್ಟು ಚೀಲ ಬೇಕು. ಚೀಲದ ಬೆಲೆ ಏರಿದರೆ ಇನ್ನೊಂದು ದನ ಸಂತೆಗೆ. ಇದು ಸುತ್ತಿ ಸುತ್ತಿ ಬರುವ ಗಾಣ. ನಮ್ಮ ರೈತ ಈ ಗಾಣಕ್ಕೆ ಸಿಕ್ಕಿದ್ದಾನೆ.

"ಹಾಗಾದ್ರೆ ಸರ್ಕಾರಿ ಗೊಬ್ಬರ ಬಿಟ್ಟು ಎಲ್ಲರೂ ಸಾವಯವಕ್ಕೆ ಹೋಗಲಿ" ಅಂತ ಎಸಿ ರೂಮಿನಲ್ಲಿ ಕೂತು ಹೇಳುವವರಿದ್ದಾರೆ. ಪಕ್ಕದ ಶ್ರೀಲಂಕಾ ನೋಡಿ. ಕಳೆದ ವರ್ಷ ರಾಸಾಯನಿಕ ಗೊಬ್ಬರದ ಆಮದು ರಾತ್ರೋರಾತ್ರಿ ನಿಲ್ಲಿಸಿದರು. ನವೆಂಬರ್ ಹೊತ್ತಿಗೆ ಆದೇಶ ವಾಪಸ್ ತಗೊಂಡರು. ಅಷ್ಟರಲ್ಲಿ ಭತ್ತದ ಇಳುವರಿ ಕುಸಿದಿತ್ತು. ಮೆಕ್ಕೆಜೋಳ ಕುಸಿಯಿತು, ಕೋಳಿಗೆ ಆಹಾರ ಇಲ್ಲದಂತಾಯ್ತು, ಮೊಟ್ಟೆಯ ಬೆಲೆ ಏರಿತು. ಅಲ್ಲೂ ಅಷ್ಟೇ, ಹೊಲಕ್ಕೆ ಬಿದ್ದ ಹೊಡೆತ ಗೂಡಿಗೆ ತಟ್ಟಿತು. ಲೆಕ್ಕ ಸರಳ: ಒಂದು ಚೀಲ ಯೂರಿಯಾದಲ್ಲಿರುವ ಸಾರಜನಕ ಸುಮಾರು 20 ಕಿಲೋ. ಅಷ್ಟು ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಸಿಗಬೇಕು ಅಂದ್ರೆ ನಾಲ್ಕು ಟನ್ ಬೇಕು. ಎಲ್ಲಿಂದ ತರ್ತೀರಿ? ತಿಪ್ಪೆ ಗೊಬ್ಬರ ಚೀಲಕ್ಕೆ ಬದಲಿ ಅಲ್ಲ. ಆದರೆ ತಿಪ್ಪೆ ಇದ್ದ ಮಣ್ಣಿನಲ್ಲಿ ಮಾತ್ರ ಚೀಲದ ಗೊಬ್ಬರ ನಿಂತು ಕೆಲಸ ಮಾಡುತ್ತೆ. ಎರಡೂ ಜೋಡೆತ್ತು.

ಇನ್ನು ಚೀಲಗಳ ನಡುವಿನ ತಾರತಮ್ಯ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದರು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ತಂದರು. ಎರಡು ಸಲವೂ ಯೂರಿಯಾ ಮಾತ್ರ ಹೊರಗೆ ಉಳಿಯಿತು. ಫಲಿತಾಂಶ ಏನು? ಇವತ್ತು ಯೂರಿಯಾದಲ್ಲಿ ಒಂದು ಕಿಲೋ ಸಾರಜನಕಕ್ಕೆ 13 ರೂಪಾಯಿ. ಪೊಟ್ಯಾಷ್ ಕಿಲೋಗೆ 57 ರೂಪಾಯಿ. ದುಡ್ಡಿಲ್ಲದ ರೈತ ಏನು ಮಾಡ್ತಾನೆ? ಪೊಟ್ಯಾಷ್ ಬಿಡ್ತಾನೆ, ಡಿಎಪಿ ಕಡಿಮೆ ಮಾಡ್ತಾನೆ, ಯೂರಿಯಾ ಒಂದು ಚೀಲ ಜಾಸ್ತಿ ಎಸೀತಾನೆ. ಬೆಳೆ ಕಡು ಹಸಿರಾಗಿ ಎದ್ದು ನಿಲ್ಲುತ್ತೆ, ನೋಡೋಕೆ ಚಂದ. ಆದರೆ ಬುಡ ಗಟ್ಟಿ ಇಲ್ಲ, ಗಾಳಿಗೆ ಒರಗುತ್ತೆ, ಹುಳ ಹತ್ತುತ್ತೆ, ಕಾಳು ತುಂಬೋದಿಲ್ಲ. ಅವನಿಗೆ ಬುದ್ಧಿ ಇಲ್ಲ ಅಂತಲ್ಲ. ಜೇಬಿನಲ್ಲಿ ಇದ್ದ ಕಾಸಿಗೆ ಸಿಕ್ಕಿದ್ದು ಅದೊಂದೇ.

ಅದೂ ಮುದ್ರಿತ ದರಕ್ಕೆ ಸಿಗುತ್ತಾ? ಬಿತ್ತನೆಯ ಹದ ನಾಲ್ಕೈದು ದಿನ ಇರುತ್ತೆ, ಮಳೆ ಯಾರಿಗೂ ಕಾಯೋದಿಲ್ಲ. ಆ ಹೊತ್ತಿಗೆ ಅಂಗಡಿಯವನು "ಡಿಎಪಿ ಬೇಕಂದ್ರ ಈ ಬಾಟ್ಲಿನೂ ತಗೋಬೇಕು" ಅಂತಾನೆ. ಇದಕ್ಕೆ ಲಿಂಕ್ ಅಂತ ಹೆಸರು. ಬೇಡದ್ದನ್ನು ಕೊಂಡರೆ ಮಾತ್ರ ಬೇಕಾದ್ದು ಸಿಗುತ್ತೆ. ನನ್ನ 350 ರೂಪಾಯಿ ಲೆಕ್ಕ ಅಲ್ಲೇ ಬಿದ್ದುಹೋಗುತ್ತೆ.

ಇದೇ ವಾರ, ಜೂನ್ 10ಕ್ಕೆ, ಹಾವೇರಿಗೆ ಒಂದು ನೆನಪು ಇದೆ. 2008ರ ಆ ದಿನ ಗೊಬ್ಬರ ಕೇಳಿ ಬೀದಿಗೆ ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. 14 ವರ್ಷ ಆಯ್ತು. ಆಮೇಲೆ ಮುಖ್ಯಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು, ಹೆಬ್ಬೆಟ್ಟು ಒತ್ತುವ ಯಂತ್ರ ಬಂತು. ಸಾಲು ಮಾತ್ರ ಹಾಗೇ ಇದೆ. ನಾವು ಮಾಧ್ಯಮದವರೂ ಅಷ್ಟೇ. ಸಾಲು ಉದ್ದ ಆದಾಗ ಕ್ಯಾಮೆರಾ ತಗೊಂಡು ಓಡ್ತೀವಿ, ನೂಕುನುಗ್ಗಲು ಆದರೆ ಬ್ರೇಕಿಂಗ್ ನ್ಯೂಸ್. ಹಿಂಡಿ ಸಾಲ ತೀರದೆ ಒಂದು ಎಮ್ಮೆ ಸದ್ದಿಲ್ಲದೆ ಸಂತೆಗೆ ಹೋದರೆ ಅದು ನಮಗೆ ಸುದ್ದಿ ಅಲ್ಲ. ಈ ತಪ್ಪಿನಲ್ಲಿ ನನಗೂ ಪಾಲಿದೆ.

ಹಾಗಾದರೆ ಏನಾಗಬೇಕು? ದೊಡ್ಡ ಮಾತು ಬೇಡ, ನಾಲ್ಕು ಸಣ್ಣ ಮಾತು ಹೇಳ್ತೀನಿ.

ಒಂದು, ಹಾಲಿನ ದರ ಚುನಾವಣೆ ನೋಡಿಕೊಂಡು ಏರುವುದು, ನಿಲ್ಲುವುದು ಬೇಡ. ಹಿಂಡಿಯ ಬೆಲೆ ನೋಡಿಕೊಂಡು ವರ್ಷಕ್ಕೊಮ್ಮೆ ಲೆಕ್ಕ ಆಗಲಿ. ಏರಿಸಿದ ದುಡ್ಡು ಕ್ಯಾನು ಹಿಡಿದವರ ಕೈಗೇ ಹೋಗಲಿ.

ಎರಡು, ಲಿಂಕ್ ದಂಧೆ ನಿಲ್ಲಲಿ. ಚೀಲದ ಮೇಲಿನ ದರ ಅಂಗಡಿ ಬಾಗಿಲಲ್ಲಿ ಬರೆದಿರಲಿ, ಬಿಲ್ ಕೊಡಲಿ. ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳು ಬಿತ್ತನೆಯ ಈ ಮೂರು ವಾರವಾದರೂ ಕುರ್ಚಿ ಬಿಟ್ಟು ಅಂಗಡಿ ಮುಂದೆ ನಿಲ್ಲಲಿ.

ಮೂರು, ಡಿಎಪಿ ಸಿಗಲಿಲ್ಲ ಅಂತ ರೈತ ಬಂಧುಗಳು ಕೈಚೆಲ್ಲಿ ಕೂರಬೇಡಿ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಒಂದು ಚೀಲ ಡಿಎಪಿಯಷ್ಟು ರಂಜಕ ಕೊಡುತ್ತೆ, ಜೊತೆಗೆ ಗಂಧಕವೂ ಸಿಗುತ್ತೆ. ಸಾರಜನಕಕ್ಕೆ ಯೂರಿಯಾ ಸೇರಿಸಿಕೊಳ್ಳಿ. ಮಣ್ಣು ಪರೀಕ್ಷೆ ಮಾಡಿಸಿ. ಬೇಡದ ಚೀಲ ಉಳಿದರೆ ಅದೇ ದುಡ್ಡು ಹಿಂಡಿಗೆ ಆಗುತ್ತೆ.

ನಾಲ್ಕು, ತಿಪ್ಪೆಗೆ ಮರ್ಯಾದೆ ಬರಲಿ. ಒಂದು ಆಕಳು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕುತ್ತೆ. ಅದು ಬಿಸಿಲಿಗೆ ಒಣಗಿ, ಮಳೆಗೆ ಕೊಚ್ಚಿ ಹೋದರೆ ಸಾರ ಎಲ್ಲಿ ಉಳಿಯುತ್ತೆ? ಒಂದು ಗುಂಡಿ, ಮೇಲೊಂದು ನೆರಳು, ಗಂಜಲ ಹರಿದು ಬರೋಕೆ ಒಂದು ಕಾಲುವೆ. ಇಷ್ಟಕ್ಕೆ ಸರ್ಕಾರ ಸಹಾಯ ಮಾಡಲಿ. ಹಡಗಿಗೆ ಕೊಡುವ ಲಕ್ಷ ಕೋಟಿಯ ಎದುರು ಇದು ಎಷ್ಟರ ಬಾಬತ್ತು?

ಕೊನೆಯ ಮಾತು, ಪಟ್ಟಣದಲ್ಲಿ ಕೂತಿರುವ ನಮಗೆ. ನಾಳೆಯೋ ನಾಡಿದ್ದೋ ಹಾಲಿಗೆ ಎರಡು ರೂಪಾಯಿ, ಮೂರು ರೂಪಾಯಿ ಏರುತ್ತೆ. ಏರಲೇಬೇಕು. ಅವತ್ತು ನಮ್ಮ ವಾಹಿನಿಯಲ್ಲೂ "ಗ್ರಾಹಕರಿಗೆ ಶಾಕ್" ಅಂತ ಕೆಂಪು ಅಕ್ಷರದಲ್ಲಿ ಬರಬಹುದು. ಅವತ್ತು ನಾನು ಇವತ್ತು ಆಡಿದ ಮಾತನ್ನು ಮರೆತಿದ್ದರೆ ನೀವು ನೆನಪಿಸಿ. ಆ ಎರಡು ರೂಪಾಯಿ ಕೊಡುವಾಗ ಹಾವೇರಿಯ ಆ ತಾಯಿಯ ಪ್ರಶ್ನೆಯನ್ನೂ ನೆನಪಿಸಿಕೊಳ್ಳಿ. ಹೊಲದ ಬಾಯಿ ಕಟ್ಟಬೇಕೋ, ಎಮ್ಮೆಯ ಬಾಯಿ ಕಟ್ಟಬೇಕೋ ಅಂತ ಆಕೆ ಕೇಳಿದ್ದರು. ಎರಡರಲ್ಲಿ ಯಾವುದನ್ನು ಕಟ್ಟಿದರೂ ಕೊನೆಗೆ ಬರಿದಾಗುವುದು ನಮ್ಮ ತಟ್ಟೆಯೇ.